ಎಪ್ಪತ್ತೆರಡರ ನಾಡಿ

ನರ್ಸಿಂಗ್ ಶಾಲೆಯ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಗಡಿಯಾರ’ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಅಷ್ಟೇ. ಇಪ್ಪತ್ತಾರು ವರ್ಷ ಒಂದೇ ಮಾತನ್ನು ಹೇಳಿಕೊಂಡು ಬಂದೆ: ರೋಗಿ ಸುಳ್ಳು ಹೇಳಬಹುದು, ಮನೆಯವರು ಸುಳ್ಳು ಹೇಳಬಹುದು, ನಾಡಿ ಮಾತ್ರ ಹೇಳುವುದಿಲ್ಲ. ಹೇಳುವಾಗ ದನಿಯಲ್ಲಿ ಒಂದಿಷ್ಟು ಜಂಬವೂ ಇರುತ್ತಿತ್ತು. ಈಗ ಆ ಮಾತನ್ನು ಬಿಟ್ಟಿದ್ದೇನೆ.

ನನ್ನ ಅಕ್ಕ ದರ್ಜಿ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋದ ಮೇಲೆ ನನ್ನ ತಲೆ ಬಾಚಿ, ಬೆನ್ನು ತಿಕ್ಕಿ, ಬೈದು ಬೆಳೆಸಿದವಳು ಅವಳೇ. ನಮ್ಮ ಆಸ್ಪತ್ರೆಯ ಯೂನಿಫಾರಂ ಪೂರ್ತಿ ಅವಳ ಕೈಯದು. ಮೊದಲ ವರ್ಷದ ಹುಡುಗಿಯರಿಂದ ಹಿಡಿದು ಹೆಡ್ ಸಿಸ್ಟರ್‌ವರೆಗೆ ಎಲ್ಲರ ಅಳತೆಯೂ ಅವಳ ಪುಸ್ತಕದಲ್ಲಿದೆ. ಯಾರ ಸೊಂಟ ಯಾವ ವರ್ಷ ಎಷ್ಟು ಬೆಳೆಯಿತು ಅನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಗುತ್ತಾಳೆ.

ಮೂರು ವರ್ಷದ ಹಿಂದೆ ಅವಳ ಕೈ ನಡುಗಲು ಶುರುವಾಯಿತು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಒಂದು ಕಡೆ, ಸೂಜಿ ಒಂದು ಕಡೆ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಂಶದಲ್ಲಿ ಬರುವ ನಡುಕ, ಭಯಪಡಬೇಕಾದ್ದಲ್ಲ ಅಂದು ಒಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನಿಜಕ್ಕೂ ಹೃದಯದ ಮಾತ್ರೆ. ಹೃದಯ ಓಡದಂತೆ ಹಗ್ಗ ಹಿಡಿಯುತ್ತದೆ. ಕೈನಡುಕವೂ ಅದರಿಂದ ಇಳಿಯುತ್ತದೆ. ಔಷಧಿಗಳ ಪಾಠದಲ್ಲಿ ಪ್ರತಿ ವರ್ಷ ನಾನೇ ಕಲಿಸುವ ಮಾತ್ರೆ. ಆದರೆ ಅಕ್ಕನ ಪರ್ಸಿನೊಳಗೆ ಹೋಗಿ ಕೂತ ಮೇಲೆ ನನ್ನ ತಲೆಯಲ್ಲಿ ಅದು ಬರೀ ಕೈನಡುಕದ ಮಾತ್ರೆಯಾಗಿಬಿಟ್ಟಿತು.

“ಯಾರಿಗೂ ಹೇಳ್ಬೇಡ ಕಣೇ,” ಅಂದಿದ್ದಳು ಅಕ್ಕ. “ದರ್ಜಿ ಕೈ ನಡುಗತ್ತೆ ಅಂತ ಗೊತ್ತಾದ್ರೆ ನನ್ನ ಹತ್ರ ಬಟ್ಟೆ ಯಾರು ಕೊಡ್ತಾರೆ? ಅದರಲ್ಲೂ ನಿಮ್ಮ ಆಸ್ಪತ್ರೆಯವರಿಗಂತೂ ಬೇಡವೇ ಬೇಡ.”

ನಾನು ಹೇಳಲಿಲ್ಲ.

ಮೊನ್ನೆ ಮೊನ್ನೆ, ಅಂದರೆ ಈಗ್ಗೆ ಐದು ವಾರದ ಹಿಂದೆ, ಅಕ್ಕ ಅಂಗಡಿಯ ಮೆಟ್ಟಿಲಿನಿಂದ ಬಟ್ಟೆಯ ಗಂಟಿನ ಸಮೇತ ಉರುಳಿದಳು. ಎಡಗಡೆಯ ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಪಕ್ಕೆಲುಬಿನ ಹಿಂದೆ ಗುಲ್ಮ ಅನ್ನುವ, ರಕ್ತ ತುಂಬಿಕೊಂಡ ಪುಟ್ಟ ಅಂಗವಿದೆ. ಸ್ಕ್ಯಾನಿನಲ್ಲಿ ಅದರ ಮೇಲೊಂದು ಸಣ್ಣ ಸೀಳು ಕಂಡಿತು. ಆಪರೇಷನ್ ಈಗಲೇ ಬೇಡ, ಇಂಥವು ಎಷ್ಟೋ ತಾವಾಗಿ ಮಾಯುತ್ತವೆ, ಎರಡು ದಿನ ಗಂಟೆಗೊಮ್ಮೆ ನೋಡುತ್ತಿರಿ, ರಕ್ತ ಸೋರಲು ಶುರುವಾದರೆ ತಕ್ಷಣ ಒಳಗೆ ಹೋಗೋಣ ಅಂದರು ಸರ್ಜನ್. ಸರಿಯಾದ ಮಾತೇ. ಎಲ್ಲವೂ ನಿಂತಿದ್ದು ಆ ‘ನೋಡುತ್ತಿರಿ’ ಅನ್ನುವುದರ ಮೇಲೆ.

ವಾರ್ಡಿಗೆ ಸೇರಿಸಿಕೊಳ್ಳುವಾಗ ಹೆಡ್ ಸಿಸ್ಟರ್ ಪೆನ್ನು ಹಿಡಿದು ಕೇಳಿದರು, “ದಿನಾ ತಗೊಳ್ಳೋ ಮಾತ್ರೆ ಏನಾದ್ರೂ ಇದೆಯಾ?”

ಅಕ್ಕ ನನ್ನ ಮುಖ ನೋಡಿದಳು. ಹೆಡ್ ಸಿಸ್ಟರ್ ತೊಟ್ಟಿದ್ದು ಅಕ್ಕ ಹೋದ ತಿಂಗಳಷ್ಟೇ ಹೊಲಿದುಕೊಟ್ಟ ಯೂನಿಫಾರಂ. ಕಾಲರಿನ ಹೊಲಿಗೆ ಗೆರೆ ಎಳೆದಷ್ಟು ನೇರವಾಗಿತ್ತು.

“ಏನೂ ಇಲ್ಲ ಸಿಸ್ಟರ್,” ಅಂದೆ ನಾನು. ನಾನು ಹೇಳಿದ್ದರಿಂದ ಅವರು ಇನ್ನೊಂದು ಸಲ ಕೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಹೋದೆ. ಅಕ್ಕ ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳದಿದ್ದರೆ ನಡುಕ ಎಲ್ಲರ ಕಣ್ಣಿಗೆ ಬೀಳುತ್ತದೆಂದು ಅವಳ ಪರ್ಸಿನಿಂದ ನಾನೇ ಮಾತ್ರೆ ತೆಗೆದು, ಅಂಗೈಯಲ್ಲಿಟ್ಟು, ಗುಟುಕು ನೀರು ಕುಡಿಸಿದೆ. ಪಕ್ಕದಲ್ಲಿ ಎರಡನೇ ವರ್ಷದ ಒಬ್ಬ ಹುಡುಗಿ ಹೂಜಿ ತೊಳೆಯುತ್ತಿದ್ದಳು. ಅವಳಿಗೆ ಉಳಿದ ಹುಡುಗಿಯರಿಟ್ಟ ಹೆಸರು ಪಿಸುಮಾತು. ಬಾಯಿಬಿಟ್ಟರೆ ಮೂರನೇ ಮಂಚಕ್ಕೂ ಕೇಳಿಸುವುದಿಲ್ಲ. ಆ ವಾರ ಅಕ್ಕನ ಮಂಚ ಅವಳ ಪಾಲಿಗೆ ಬಂದಿತ್ತು.

ಒಂಬತ್ತಕ್ಕೆ ನನ್ನ ತರಗತಿ. ಪಾಠ ಯಾವುದು ಅಂತೀರಿ? ಶಾಕ್. ವರ್ಷದ ಪಟ್ಟಿಯಲ್ಲಿ ಆ ದಿನಕ್ಕೆ ಅದೇ ಬಂದಿತ್ತು.

ಶಾಕ್ ಅಂದರೆ ಹೆದರಿಕೆಯಲ್ಲ, ಕರೆಂಟು ಹೊಡೆಯುವುದೂ ಅಲ್ಲ ಅಂತ ಶುರುಮಾಡಿದೆ. ಮೈಯ ಮೂಲೆಮೂಲೆಗೆ ರಕ್ತ ಸಾಲದೆ ಬರುವ ಸ್ಥಿತಿ ಅದು. ಆದರೆ ದೇಹ ಅಷ್ಟು ಸುಲಭಕ್ಕೆ ಕೈಚೆಲ್ಲುವುದಿಲ್ಲ. ತೊಟ್ಟಿಯಲ್ಲಿ ನೀರು ಕಡಿಮೆಯಾದರೆ ಮನೆಯಾಕೆ ಏನು ಮಾಡುತ್ತಾಳೆ? ಗಿಡಕ್ಕೆ ಹಾಕುವುದನ್ನು ನಿಲ್ಲಿಸುತ್ತಾಳೆ, ನೆಲ ತೊಳೆಯುವುದನ್ನು ಮುಂದಕ್ಕೆ ಹಾಕುತ್ತಾಳೆ, ಕುಡಿಯುವ ನೀರನ್ನು ಮಾತ್ರ ಮುಟ್ಟುವುದಿಲ್ಲ. ದೇಹವೂ ಹಾಗೇ. ಚರ್ಮದ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಅದಕ್ಕೇ ಕೈಕಾಲು ತಣ್ಣಗಾಗಿ ಬೆವರುತ್ತದೆ. ಕರುಳಿಗೆ ಕಡಿತ. ಮೂತ್ರಪಿಂಡಕ್ಕೆ ಕಡಿತ; ಅದು ಇದ್ದ ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಇಳಿಯುತ್ತದೆ. ಬಾಯಾರಿಕೆ ಏರುತ್ತದೆ, ಉಸಿರು ಚುರುಕಾಗುತ್ತದೆ. ಉಳಿಸಿದ್ದೆಲ್ಲ ಮೆದುಳಿಗೆ ಮತ್ತು ಹೃದಯಕ್ಕೆ. ಅಷ್ಟು ಹೊತ್ತೂ ಬಿ.ಪಿ. ಚೆನ್ನಾಗಿಯೇ ಕಾಣುತ್ತಿರುತ್ತದೆ. ಬಿ.ಪಿ. ಬೀಳುವ ಹೊತ್ತಿಗೆ ದೇಹದ ಉಪಾಯವೆಲ್ಲ ಮುಗಿದಿರುತ್ತದೆ. ಅದಕ್ಕೇ ಬಿ.ಪಿ.ಯನ್ನು ನಂಬಿ ಕೂರಬೇಡಿ, ಎಲ್ಲಕ್ಕಿಂತ ಮೊದಲು ಓಡುವುದು ಹೃದಯ, ನಾಡಿ ನೋಡಿ ಅಂದೆ.

ಹಿಂದಿನ ಬೆಂಚಿನಿಂದ ಪಿಸುಮಾತು ಎದ್ದಳು. “ಮೇಡಂ, ನಾಡಿ ಏರದೇ ಇದ್ರೆ?”

“ಏರದೇ ಇದ್ರೆ ನೀನು ಎಣಿಸೋದ್ರಲ್ಲಿ ತಪ್ಪಿದೀಯ ಅಂತ. ಕೂತ್ಕೊಂಡು ಇನ್ನೊಂದ್ಸಲ ಎಣಿಸು,” ಅಂದೆ. ತರಗತಿ ನಕ್ಕಿತು. ಅವಳು ಕೂತಳು.

ನಾಡಿ ಏರದಿರುವುದಕ್ಕೂ ಕಾರಣಗಳಿವೆ. ಕೆಲವು ಮಾತ್ರೆಗಳು ಅದನ್ನು ಏರಲು ಬಿಡುವುದಿಲ್ಲ. ಅದು ಮುಂದಿನ ವಾರದ ಪಾಠ. ಆ ಹೊತ್ತಿಗೆ ಅದನ್ನು ಎತ್ತಿಕೊಂಡರೆ ಪಾಠ ಮುಗಿಯುವುದಿಲ್ಲ ಅನ್ನುವುದಷ್ಟೇ ನನ್ನ ಯೋಚನೆಯಾಗಿತ್ತು. ಎರಡು ಗಂಟೆ ಮುಂಚೆ ನನ್ನ ಕೈಯಿಂದಲೇ ಕೊಟ್ಟ ಮಾತ್ರೆ ನನ್ನ ನೆನಪಿನ ಹತ್ತಿರಕ್ಕೂ ಸುಳಿಯಲಿಲ್ಲ.

ಹನ್ನೊಂದಕ್ಕೆ ಎಲ್ಲರೂ ವಾರ್ಡಿಗೆ ಬಂದೆವು. ನಾನು ಮೂವರು ಹುಡುಗಿಯರಿಗೆ ಗಾಯದ ಪಟ್ಟಿ ಬದಲಾಯಿಸುವುದನ್ನು ತೋರಿಸುತ್ತಿದ್ದೆ. ಪಿಸುಮಾತು ಬಂದು ಪಕ್ಕದಲ್ಲಿ ನಿಂತಳು. ಅಕ್ಕನನ್ನು ಅವಳು ಅಮ್ಮ ಅನ್ನುತ್ತಿದ್ದಳು.

“ಮೇಡಂ, ಅಮ್ಮನ ಕಾಲು ತಣ್ಣಗಿದೆ. ಮೊಣಕಾಲಿನವರೆಗೂ. ಹೋದ ಗಂಟೇಲಿ ಚೀಲಕ್ಕೆ ಇಳಿದ ಮೂತ್ರ ಇಪ್ಪತ್ತೆರಡು ಎಂ.ಎಲ್. ಅಷ್ಟೇ. ಎಡಭುಜ ನೋಯತ್ತೆ ಅಂತಾರೆ. ಹೊದಿಕೇನ ತೆಗೀತಾರೆ, ಹಾಕ್ಕೋತಾರೆ, ತೆಗೀತಾರೆ.”

“ಬಿ.ಪಿ.?”

“ನೂರ ಹದಿನಾರು, ತೊಂಬತ್ತೆರಡು.”

“ನಾಡಿ?”

“ಎಪ್ಪತ್ತೆರಡು. ಪೂರ್ತಿ ಒಂದು ನಿಮಿಷ ಎಣಿಸಿದೆ ಮೇಡಂ.”

“ಎಪ್ಪತ್ತೆರಡಕ್ಕೆ ಯಾರಾದ್ರೂ ಶಾಕ್ ಅಂತಾರೇನಮ್ಮ? ಬೆಳಿಗ್ಗೆ ಕಿವಿ ಮನೇಲಿ ಬಿಟ್ಟು ಬಂದಿದ್ಯಾ?”

ಹಾಗಂದರೂ ಹೋಗಿ ನೋಡಿದೆ. ಅಕ್ಕನ ಮುಖ ಸ್ವಲ್ಪ ಬಿಳಿಚಿತ್ತು. ರಾತ್ರಿ ನೋವಿನಲ್ಲಿ ನಿದ್ದೆ ಬಂದಿಲ್ಲ, ಅದಕ್ಕೆ ಅಂದುಕೊಂಡೆ. ಭುಜದ ನೋವು ಬಿದ್ದ ಪೆಟ್ಟಿಗೆ ಅಂದುಕೊಂಡೆ. ಮೂತ್ರ ಕಡಿಮೆಯಾದದ್ದಕ್ಕೆ ನೀರು ಸರಿಯಾಗಿ ಕುಡಿದಿಲ್ಲ ಅಂದುಕೊಂಡೆ. ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕಿತು ನನಗೆ.

“ನಿನ್ನ ಹುಡುಗಿ ನನ್ನ ಕಾಲು ಹಿಡ್ಕೊಂಡು ಬಿಡ್ತಾನೇ ಇಲ್ಲ ಕಣೇ,” ಅಂದಳು ಅಕ್ಕ. “ಏನು ತಪ್ಪು ಮಾಡಿದಾಳೋ ಕೇಳು.” ಆಮೇಲೆ, “ಬಾಯಾರತ್ತೆ,” ಅಂದಳು.

ಅವಳ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ನಿಂತೆ. ಎಪ್ಪತ್ತೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸ್ವಂತ ಅಕ್ಕನೆಂದು ಗಾಬರಿಬಿದ್ದು ವಾರ್ಡನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವ ಪೈಕಿ ನಾನಲ್ಲ ಅನ್ನುವುದು ಹುಡುಗಿಯರಿಗೆ ಕಾಣಲಿ ಅಂತಲೂ ಒಂದು ಆಸೆ ಇತ್ತು. ಅರ್ಧ ಗಂಟೆಗೊಮ್ಮೆ ನೋಡು ಅಂತ ಹೇಳಿ ಪಟ್ಟಿ ಬದಲಾಯಿಸುವ ಕಡೆಗೆ ಹೊರಟೆ.

ಹನ್ನೊಂದೂ ಮುಕ್ಕಾಲಿಗೆ ಅವಳು ಮತ್ತೆ ಬಂದಳು. ಈ ಸಲ ಅವಳ ದನಿ ಮೂರನೇ ಮಂಚಕ್ಕಲ್ಲ, ಬಾಗಿಲಿನವರೆಗೂ ಕೇಳಿಸಿತು. ಹೆಡ್ ಸಿಸ್ಟರ್ ತಲೆಯೆತ್ತಿ ನೋಡಿದರು.

“ಮೇಡಂ, ಉಗುರು ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರೋಕೆ ನಾಲ್ಕು ಸೆಕೆಂಡ್ ಆಗ್ತಿದೆ. ಉಸಿರು ಇಪ್ಪತ್ತೆಂಟು. ಅರ್ಧ ಗಂಟೇಲಿ ಮೂತ್ರ ನಾಲ್ಕೇ ಎಂ.ಎಲ್. ಬಿ.ಪಿ. ನೂರ ಹತ್ತು, ತೊಂಬತ್ತಾರು. ಮೇಲಿನದೂ ಕೆಳಗಿನದೂ ಹತ್ರ ಹತ್ರ ಬರ್ತಿವೆ. ನಾಡಿ ಮಾತ್ರ ಎಪ್ಪತ್ನಾಲ್ಕು.” ಉಸಿರು ತೆಗೆದುಕೊಂಡಳು. “ಬೆಳಿಗ್ಗೆ ಅಮ್ಮಂಗೆ ನೀವು ಒಂದು ಮಾತ್ರೆ ಕೊಟ್ರಿ. ಚಾರ್ಟಲ್ಲಿ ಅದು ಇಲ್ಲ. ಏನದು ಮೇಡಂ?”

ಆ ಕ್ಷಣಕ್ಕೆ ಎಲ್ಲವೂ ಗೊತ್ತಾಯಿತು ನನಗೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಗೊತ್ತಾಗಲಿಲ್ಲ, ಆಮೇಲೆ ಹೊಳೆಯಿತು ಅಂತ ಹೇಳಿ ತಪ್ಪಿಸಿಕೊಳ್ಳಲಾರೆ. ಒಳಗೆ ರಕ್ತ ಸೋರುತ್ತಿದೆ, ಭುಜದ ನೋವೂ ಅದರದೇ, ದೇಹ ಎಲ್ಲ ಕಡೆ ಕಡಿತ ಮಾಡುತ್ತಿದೆ, ಹೃದಯ ಓಡಲು ನೋಡುತ್ತಿದೆ, ಹಗ್ಗ ಹಿಡಿದಿರುವುದು ನಾನು ಬೆಳಿಗ್ಗೆ ಕೊಟ್ಟ ಮಾತ್ರೆ. ಇಷ್ಟೂ ಗೊತ್ತಾಯಿತು. ಹೆಡ್ ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ಮೂವರು ಹುಡುಗಿಯರೂ ನೋಡುತ್ತಿದ್ದರು.

“ವಿಟಮಿನ್,” ಅಂದೆ.

ಯಾಕೆ ಹಾಗಂದೆ? ನಿನ್ನೆ ಇಲ್ಲ ಅಂದದ್ದನ್ನು ಇವತ್ತು ಇದೆ ಅನ್ನಬೇಕಿತ್ತು, ಅದೂ ಬೆಳಿಗ್ಗೆ ತರಗತಿಯಲ್ಲಿ ನಾನು ನಗೆಪಾಟಲು ಮಾಡಿದ ಹುಡುಗಿಯ ಎದುರಿಗೆ. ನಾಲಿಗೆ ಹೊರಳಲಿಲ್ಲ. ಮಾತ್ರೆಯ ವಿಷಯ ಎತ್ತದೆಯೂ ಸರ್ಜನ್ನರನ್ನು ಕರೆಸಬಹುದು, ಉಳಿದ ಲಕ್ಷಣಗಳೇ ಸಾಕು ಅಂತ ಮನಸ್ಸು ಕೂಡಲೇ ಲೆಕ್ಕ ಹಾಕಿಕೊಟ್ಟಿತು. ಸುಳ್ಳಿಗೆ ಕೂತ ಮನಸ್ಸು ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಅವತ್ತು ಕಂಡೆ.

ಫೋನಿಗೆ ಓಡಿದೆ. ಸರ್ಜನ್ ಇನ್ನೊಂದು ಆಪರೇಷನ್ನಿನಲ್ಲಿದ್ದರು. ಯಾರೋ ಫೋನನ್ನು ಅವರ ಕಿವಿಗೆ ಹಿಡಿದರು. ಕಾಲು ತಣ್ಣಗಿದೆ, ಮೂತ್ರ ಇಳಿದಿದೆ, ಉಸಿರು ಏರಿದೆ ಅಂತ ಒಂದೇ ಉಸಿರಿಗೆ ಹೇಳಿದೆ.

“ನಾಡಿ ಎಷ್ಟು?”

“ಎಪ್ಪತ್ನಾಲ್ಕು ಸರ್.”

“ಎಪ್ಪತ್ನಾಲ್ಕಾ? ಬಿ.ಪಿ.?”

ಹೇಳಿದೆ.

“ಹಾಗಾದ್ರೆ ಸ್ಕ್ಯಾನ್‌ಗೆ ಚೀಟಿ ಕಳಿಸಿ, ಇನ್ನೊಂದು ಡ್ರಿಪ್ ಹಾಕಿ. ಅರ್ಧ ಗಂಟೇಲಿ ಬಂದು ನೋಡ್ತೀನಿ. ಬೇರೆ ಏನಾದ್ರೂ ಇದೆಯಾ?”

ಬೇರೆ ಏನಾದರೂ ಇದೆಯಾ ಅಂತ ಅವರೇ ಕೇಳಿದರು. ಬಾಗಿಲು ತೆರೆದು ಒಳಗೆ ಬಾ ಅಂದ ಹಾಗೆ. “ಇಲ್ಲ ಸರ್, ಬೇಗ ಬನ್ನಿ,” ಅಂದು ಫೋನ್ ಇಟ್ಟೆ.

ಅಲ್ಲಿಂದ ಹದಿನೇಳು ನಿಮಿಷ. ನಾನು ಡ್ರಿಪ್ ಏರಿಸಿದೆ, ಆಕ್ಸಿಜನ್ ಹಾಕಿದೆ, ಹೊದಿಕೆ ಹೊದಿಸಿದೆ, ರಕ್ತ ಸಿದ್ಧವಿದೆಯಾ ಕೇಳಿದೆ. ಕೈಕಾಲು ಆಡುತ್ತಲೇ ಇತ್ತು, ಬಾಯಿಗೆ ಮಾತ್ರ ಬೀಗ. ಸ್ಕ್ಯಾನ್ ಕೋಣೆಯಿಂದ ಇನ್ನೂ ಕರೆ ಬರಲಿಲ್ಲ. ಅಕ್ಕ ಮೊದಮೊದಲು ಗೊಣಗುತ್ತಿದ್ದಳು, ಆಮೇಲೆ ಸುಮ್ಮನಾದಳು. ಹಣೆಯ ಮೇಲೆ ತಣ್ಣನೆಯ ಬೆವರು. ಪಿಸುಮಾತು ಬಿ.ಪಿ. ನೋಡಿದಳು, ಇನ್ನೊಂದು ಸಲ ನೋಡಿದಳು.

“ಎಪ್ಪತ್ತಾರು ಮೇಡಂ. ಕೆಳಗಿಂದು ಕೇಳಿಸ್ತಿಲ್ಲ.”

ಅಕ್ಕ ನನ್ನ ಕಡೆ ಕಣ್ಣು ಹೊರಳಿಸಿದಳು. “ಅಮ್ಮಾ, ಲೈಟ್ ಯಾಕೆ ಆರಿಸ್ದೆ?” ಅಂದಳು. ಕಿಟಕಿಯ ತುಂಬ ಮಧ್ಯಾಹ್ನದ ಬಿಸಿಲಿತ್ತು.

ಆಗ ಹೇಳಿದೆ. ಇಡೀ ವಾರ್ಡಿಗೆ ಕೇಳಿಸುವ ಹಾಗೆ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಕೊಟ್ಟೆ, ಎಷ್ಟು ವರ್ಷದಿಂದ ನಡೆಯುತ್ತಿದೆ, ಎಲ್ಲವನ್ನೂ. ಹೆಡ್ ಸಿಸ್ಟರ್ ಕೂತಲ್ಲಿಂದ ಎದ್ದು ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ ಫೋನ್ ಎತ್ತಿಕೊಂಡರು. ಐದು ನಿಮಿಷದೊಳಗೆ ಸರ್ಜನ್ ಕೈಯಲ್ಲಿದ್ದ ಆಪರೇಷನ್ನನ್ನು ಜೊತೆಯವರಿಗೆ ಬಿಟ್ಟು ಬಂದರು, ಸ್ಕ್ಯಾನಿಗೆ ಕಾಯಲಿಲ್ಲ. ಮಂಚವನ್ನು ಹಾಗೇ ತಳ್ಳಿಕೊಂಡು ಆಪರೇಷನ್ ಕೋಣೆಗೆ ಹೋದರು. ಮಂಚದ ಪಕ್ಕದಲ್ಲಿ ರಕ್ತದ ಚೀಲ ಎತ್ತಿ ಹಿಡಿದು ಓಡುತ್ತಿದ್ದವಳು ಪಿಸುಮಾತು.

ಹೊಟ್ಟೆಯೊಳಗೆ ಎರಡು ಲೀಟರಿಗಿಂತ ಹೆಚ್ಚು ರಕ್ತ ಇತ್ತಂತೆ. ಗುಲ್ಮವನ್ನು ತೆಗೆದರು. ಅಕ್ಕ ಉಳಿದಳು. ಆದರೆ ಅಷ್ಟು ಹೊತ್ತು ರಕ್ತವಿಲ್ಲದೆ ಕೂತ ಮೂತ್ರಪಿಂಡಗಳು ಸೋತುಹೋಗಿದ್ದವು. ಯಂತ್ರಕ್ಕೆ ಜೋಡಿಸಿ ರಕ್ತ ಶುದ್ಧಿಮಾಡಬೇಕಾಯಿತು. ಒಂಬತ್ತು ದಿನ ಹೋದಾಗಲೆಲ್ಲ ನಾನು ಆ ಮೂತ್ರದ ಚೀಲವನ್ನೇ ನೋಡುತ್ತ ಕೂತೆ. ಹತ್ತನೇ ದಿನ ತಳದಲ್ಲಿ ಒಂದಿಷ್ಟು ಹಳದಿ ಕಂಡಾಗ ಎದ್ದು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ನಡುವೆ ವಿಚಾರಣೆಯೂ ಆಯಿತು. ಚಾರ್ಟನ್ನು ನನ್ನ ಮುಂದಿಟ್ಟರು. ಬರೆಯದಿದ್ದರೆ ಮಾಡಿಲ್ಲ ಅಂತ ಅರ್ಥ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ ಅಂತ ಕಲಿಸಿದವಳು ನಾನೇ. ಪಿಸುಮಾತು ಬರೆದಿದ್ದಳು, ದುಂಡಗಿನ ಅಕ್ಷರದಲ್ಲಿ: ‘11.45. ಬೆಳಗಿನ ಮಾತ್ರೆ ಯಾವುದೆಂದು ಕೇಳಿದೆ. ವಿಟಮಿನ್ ಎಂದು ಮೇಡಂ ಹೇಳಿದರು.’ ಅದರ ಕೆಳಗೆ ಅವಳ ಸಹಿ. ಹೌದು, ನಾನು ಹಾಗೆ ಹೇಳಿದ್ದು ನಿಜ ಅಂತ ನಾನೂ ಬರೆದು ಸಹಿ ಹಾಕಿದೆ. ಮುಂದಿನ ತೀರ್ಮಾನ ಆಗುವವರೆಗೆ ವಾರ್ಡಿನ ಕೆಲಸ ಬೇಡ, ತರಗತಿ ಮಾತ್ರ ನೋಡಿಕೊಳ್ಳಿ ಅಂದರು ಪ್ರಿನ್ಸಿಪಾಲರು. ಅಕ್ಕನನ್ನು ನೋಡಲು ನಾನು ಎಲ್ಲ ಮನೆಯವರ ಹಾಗೆ ಭೇಟಿಯ ಹೊತ್ತಿಗೆ ಹೋಗಬೇಕಾಯಿತು.

ಯಂತ್ರ ತೆಗೆದ ಮೂರನೇ ದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮಾತ್ರೆ ನಿಲ್ಲಿಸಿದ್ದರಿಂದ ಕೈ ಹೊದಿಕೆಯ ಮೇಲೆ ನಡುಗುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಿರಲಿಲ್ಲ. ಬೆಳಗಿನ ಭೇಟಿಯ ಹೊತ್ತು. ನಾನು ಬೇಸಿನ್ನಿನಲ್ಲಿ ಬಿಸಿನೀರು, ಮೆತ್ತನೆಯ ಬಟ್ಟೆ ತಂದು ಮೈ ಒರೆಸಲು ಕೂತೆ. ಮನೆಯವರು ಮಾಡಬಹುದಾದ ಕೆಲಸ ಅದು.

“ಎಲ್ಲಾರಿಗೂ ಗೊತ್ತಾಯ್ತಂತೆ,” ಅಂದಳು.

“ಹೂಂ ಅಕ್ಕ. ನಾನೇ ಹೇಳ್ಬೇಕಾಯ್ತು.”

“ಹೇಳಿದ್ಯಲ್ಲ, ಒಳ್ಳೇದಾಯ್ತು. ಯಾವಾಗ ಹೇಳ್ದೆ?”

ಸುಳ್ಳು ಹೇಳಬಹುದಿತ್ತು. ಅವಳಿಗೆ ಆ ಹೊತ್ತಿನದು ಒಂದೂ ನೆನಪಿಲ್ಲ. ನಾನು ಬಟ್ಟೆಯನ್ನು ಹಿಂಡಿ ಬೇಸಿನ್ನಿನ ಅಂಚಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಹುಡುಗಿ ಎರಡು ಸಲ ಬಂದದ್ದು, ವಿಟಮಿನ್ ಅಂದದ್ದು, ಫೋನಿನಲ್ಲಿ ಸರ್ಜನ್ ಕೇಳಿದರೂ ಇಲ್ಲ ಅಂದದ್ದು, ಹದಿನೇಳು ನಿಮಿಷ.

ಅಕ್ಕ ಹೊದಿಕೆಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತಳು. ಸಿಟ್ಟಿನಲ್ಲಿ ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಿಂದ ಅವಳ ಬೈಗುಳ ತಿಂದು ಬೆಳೆದವಳು ನಾನು, ಅದಕ್ಕೆ ಹೆದರುವುದಿಲ್ಲ.

“ಯಾರಿಗೂ ಹೇಳ್ಬೇಡ ಅಂದಿದ್ದೆ, ನಿಜ,” ಅಂದಳು ಕೊನೆಗೆ. “ಸಾಯೋ ಹೊತ್ತಿಗೂ ಹೇಳ್ಬೇಡ ಅಂದಿದ್ನೇನೇ?”

“ಇಲ್ಲ.”

“ಸೇರಿಸ್ಕೊಳ್ಳುವಾಗ ನೀನು ಇಲ್ಲ ಅಂದಿದ್ದು ನನಗೋಸ್ಕರ. ಅದರಲ್ಲಿ ನಂದೂ ಪಾಲಿದೆ, ನಾನೇ ನಿನ್ನ ಮುಖ ನೋಡ್ದೆ. ಆಮೇಲೆ ಆ ಮಗು ಕೇಳಿದಾಗ ಸುಳ್ಳು ಹೇಳಿದ್ಯಲ್ಲ, ಅದು ಯಾರಿಗೋಸ್ಕರ?”

ನಾನು ಬಟ್ಟೆ ಅದ್ದಿ ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿನಿಂದ ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ.

“ಆ ಹುಡುಗೀನ ಕರಿ,” ಅಂದಳು. “ಮೈ ಅವಳೇ ಒರೆಸ್ಲಿ. ನಿನ್ನ ಕೈಲಿ ಬೇಡ, ಈಗ.”

ಆ ‘ಈಗ’ವನ್ನು ಹಿಡಿದುಕೊಂಡು ನಾನು ಎದ್ದೆ. ಪಿಸುಮಾತು ಮೂರನೇ ಮಂಚದ ಹತ್ತಿರ ಇದ್ದಳು. ಕರೆದೆ. ಬೇಸಿನ್ ಕೈಗೆ ಕೊಟ್ಟು, ನೀರು ಆರಿದೆಯೇನೋ ನೋಡಮ್ಮ ಅಂದೆ. ಅವಳು ಮೊಣಕೈ ತಾಗಿಸಿ ನೋಡಿ, ಸರಿ ಇದೆ ಮೇಡಂ ಅಂದಳು. ಒಳಗೆ ಹೋಗಿ ಪರದೆ ಎಳೆದುಕೊಂಡಳು. ಬಟ್ಟೆ ಹಿಂಡುವ ಸದ್ದು, ಅಕ್ಕ ಏನೋ ಹೇಳಿದ್ದು, ಆ ಹುಡುಗಿ ನಕ್ಕಿದ್ದು ಕೇಳಿಸಿತು. ನಾನು ಪರದೆಯ ಈಚೆಗೆ ನಿಂತುಕೊಂಡು ಅತ್ತೆ.